ನಾಕ್ಸೊಸ್ ತೀರದಲ್ಲಿ ಊಟ: ಒಂದೇ ಮೇಜು, ಅರ್ಧ ಸಸ್ಯಾಹಾರ, ಅರ್ಧ ಮೀನು

ಪ್ರಶ್ನೆ: ಸೆಪ್ಟೆಂಬರ್ ಮೂರನೇ ವಾರ ನಾವು ನಾಲ್ವರು ಗ್ರೀಸ್‌ನ ನಾಕ್ಸೊಸ್ ದ್ವೀಪಕ್ಕೆ ಹೋಗುತ್ತಿದ್ದೇವೆ. ನಾನು, ಅಮ್ಮ ಶಿವಮೊಗ್ಗ ಕಡೆಯವರು. ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಗಂಡ ಕುಂದಾಪುರದವರು, ಮೀನು ಬೇಕೇ ಬೇಕು. ಹದಿಹರೆಯದ ಮಗ ಅಪ್ಪನ ಪಾರ್ಟಿ. ಒಂದು ಸಲವಾದರೂ ಸಮುದ್ರದ ಅಂಚಿನಲ್ಲೇ ಕೂತು, ಸೂರ್ಯ ಮುಳುಗುವುದನ್ನು ನೋಡುತ್ತಾ ಊಟ ಮಾಡಬೇಕು ಅಂತ ಆಸೆ. ಆದರೆ ಅಲ್ಲಿ ಮೀನನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರಂತೆ, ಬಿಲ್ ನೋಡಿ ಗಾಬರಿಯಾದವರ ಕಥೆಗಳನ್ನು ಕೇಳಿದ್ದೇವೆ. ಅಮ್ಮನಿಗೆ ಸಲಾಡ್, ಬ್ರೆಡ್ಡೇ ಗತಿಯಾ? ಜಾಗ ಹೇಗೆ ಆರಿಸುವುದು? ಟಿಪ್ಸ್ ಎಷ್ಟು ಕೊಡಬೇಕು?

ಉತ್ತರ: ಮೊದಲು ನಿಮ್ಮ ಅಮ್ಮನ ವಿಷಯ. ಆ ಮೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಊಟ ಮಾಡುವವರು ಬಹುಶಃ ಅವರೇ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಗ್ರೀಕ್ ದ್ವೀಪದ ಊಟ ಎಂದರೆ ನಮಗೆ ಫೋಟೋದಲ್ಲಿ ಕಾಣುವುದು ಹಗ್ಗಕ್ಕೆ ನೇತುಹಾಕಿದ ಆಕ್ಟೋಪಸ್, ತಟ್ಟೆ ತುಂಬ ಮೀನು. ಆದರೆ ದ್ವೀಪದ ಮನೆಗಳಲ್ಲಿ ಹಿಂದಿನಿಂದ ದಿನನಿತ್ಯ ಬೇಯುತ್ತಾ ಬಂದಿರುವುದು ಕಾಳು, ಸೊಪ್ಪು, ಬದನೆ, ಬೆಂಡೆ, ಟೊಮೆಟೊ, ಅದರ ಮೇಲೆ ಧಾರಾಳವಾಗಿ ಆಲಿವ್ ಎಣ್ಣೆ. ಇದಕ್ಕೆ ಚರ್ಚೂ ಒಂದು ಕಾರಣ. ಆರ್ಥೊಡಾಕ್ಸ್ ಸಂಪ್ರದಾಯದ ಉಪವಾಸಗಳನ್ನೆಲ್ಲ ಕೂಡಿದರೆ ವರ್ಷದ ಅರ್ಧದಷ್ಟು ದಿನಗಳಾಗುತ್ತವೆ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ. ಎಲ್ಲರೂ ಅಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ ಅಂತಲ್ಲ. ಆದರೂ ಅಡುಗೆಮನೆಗೆ ತರಕಾರಿಯನ್ನು ಮುಖ್ಯ ಅಡುಗೆಯಾಗಿ ಮಾಡುವ ಕೈಹದ ಬಂದಿದೆ. ಸಸ್ಯಾಹಾರ ಅಲ್ಲಿ ಪ್ರವಾಸಿಗರಿಗೋಸ್ಕರ ಹೊಸದಾಗಿ ಸೇರಿಸಿದ್ದಲ್ಲ.

ಆದರೆ ಒಂದು ಷರತ್ತು. ಮಧ್ಯಾಹ್ನ ಹೋಗಬೇಕು.

ಸೂರ್ಯಾಸ್ತದ ಊಟದ ಆಸೆಗೆ ತಣ್ಣೀರು ಎರಚುತ್ತಿದ್ದೇನೆ ಅಂದುಕೊಳ್ಳಬೇಡಿ, ಕಾರಣ ಹೇಳುತ್ತೇನೆ. ಕಡಲ ಬದಿಯ ಟಾವೆರ್ನಾದಲ್ಲಿ, ಅಂದರೆ ಅಲ್ಲಿನ ಸಾದಾ ಊಟದ ಹೋಟೆಲ್‌ನಲ್ಲಿ, ಎರಡು ಬಗೆಯ ಅಡುಗೆ ನಡೆಯುತ್ತದೆ. ಒಂದು, ನೀವು ಹೇಳಿದ ಮೇಲೆ ಕೆಂಡದ ಮೇಲೋ ಬಾಣಲೆಯಲ್ಲೋ ಮಾಡಿಕೊಡುವುದು. ಮೀನು, ಸ್ಕ್ವಿಡ್, ಮಾಂಸ ಎಲ್ಲ ಈ ಕಡೆಗೆ ಸೇರುತ್ತವೆ. ಇನ್ನೊಂದು, ಬೆಳಗ್ಗೆಯೇ ಪಾತ್ರೆಯಲ್ಲಿ ಅಥವಾ ಒಲೆಯೊಳಗೆ ನಿಧಾನಕ್ಕೆ ಬೇಯಿಸಿ ಇಟ್ಟಿದ್ದು. ಇದಕ್ಕೆ ಮಯಿರೆಫ್ತಾ ಎನ್ನುತ್ತಾರೆ. ಅದರಲ್ಲಿ ಎಣ್ಣೆಯಲ್ಲಿ ಬೆಂದ ತರಕಾರಿಗಳಿಗೆ ಲಾದೆರಾ ಎಂದು ಹೆಸರು. ಹಸಿ ಬೀನ್ಸ್ ಟೊಮೆಟೊ ಹಾಕಿ ಬೇಯಿಸಿದರೆ ಫಸೊಲಾಕಿಯಾ, ಬೆಂಡೆಕಾಯಿಯಾದರೆ ಬಾಮಿಯೆಸ್. ಆಲೂಗಡ್ಡೆ, ಬದನೆ, ಕುಂಬಳದ ಜಾತಿಯ ಝುಕಿನಿ ಎಲ್ಲ ಒಟ್ಟಿಗೆ ಒಲೆಯಲ್ಲಿ ಬೆಂದರೆ ಬ್ರಿಯಾಮ್. ದೊಡ್ಡ ಬಿಳಿ ಅವರೆಯಂಥ ಕಾಳು ಟೊಮೆಟೊದಲ್ಲಿ ಬೆಂದಿದ್ದು ಯಿಗಾಂದೆಸ್. ಇವನ್ನು ಬಿಸಿಬಿಸಿ ತಿನ್ನುವ ಪದ್ಧತಿಯೇ ಇಲ್ಲ. ಒಲೆಯಿಂದ ಇಳಿಸಿ, ಎಣ್ಣೆ ಹೀರಿಕೊಂಡು, ಉಗುರುಬೆಚ್ಚಗಾದಾಗ ರುಚಿ. ಆ ಹೊತ್ತು ಬರುವುದು ಮಧ್ಯಾಹ್ನ ಒಂದೂವರೆಯಿಂದ ಮೂರರ ನಡುವೆ. ರಾತ್ರಿಯ ಹೊತ್ತಿಗೆ ಒಳ್ಳೆಯ ತಟ್ಟೆಗಳು ಖಾಲಿ. ಉಳಿದದ್ದನ್ನು ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಸಸ್ಯಾಹಾರಿಗೆ ಆಗ ಸಿಗುವುದು ಸಲಾಡ್ ಮತ್ತು ಕರಿದ ಆಲೂಗಡ್ಡೆ. ‘ಗ್ರೀಸ್‌ನಲ್ಲಿ ನಮಗೆ ಏನೂ ಸಿಗಲಿಲ್ಲ’ ಎಂದು ದೂರುವವರಲ್ಲಿ ಬಹಳ ಮಂದಿ ಸಂಜೆ ಏಳಕ್ಕೆ ಹೋಗಿ ಕೂತವರು.

ಮೆನು ನೋಡುವ ಮೊದಲು ‘ಇವತ್ತು ಏನು ಬೇಯಿಸಿದ್ದೀರಿ?’ ಎಂದು ಕೇಳಿ. ಹಳೆಯ ಕಾಲದ ಟಾವೆರ್ನಾಗಳಲ್ಲಿ ಗಿರಾಕಿಗಳು ಅಡುಗೆಮನೆಗೇ ಹೋಗಿ, ಪಾತ್ರೆಗಳ ಮುಚ್ಚಳ ತೆಗೆಸಿ ನೋಡಿ ಹೇಳುತ್ತಿದ್ದರು. ಈಗಲೂ ಅನೇಕ ಕಡೆ ಗಾಜಿನ ಪೆಟ್ಟಿಗೆಯಲ್ಲಿ ಟ್ರೇಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಎದ್ದು ಹೋಗಿ ಬೆರಳು ತೋರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೇಳುವುದು, ನೋಡುವುದು, ತೂಗಿಸುವುದು ಅಲ್ಲಿ ಅಸಭ್ಯತೆಯಲ್ಲ. ಈ ಒಂದು ಮಾತು ನಿಮ್ಮ ಗಂಡನ ಮೀನಿಗೂ ಅನ್ವಯಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಮ್ಮನಿಗೆ ಖಂಡಿತ ಇಷ್ಟವಾಗುವ ಒಂದು ತಟ್ಟೆ ಹೋರ್ತಾ. ಸೊಪ್ಪನ್ನು ಬೇಯಿಸಿ, ನೀರು ಬಸಿದು, ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ. ಅಷ್ಟೇ. ಚಳಿಗಾಲದಲ್ಲಿ ಕಾಡುಸೊಪ್ಪುಗಳು, ಬೇಸಿಗೆಯಲ್ಲಿ ವ್ಲೀತಾ. ವ್ಲೀತಾ ಬೇರೇನೂ ಅಲ್ಲ, ನಮ್ಮ ಹರಿವೆ, ದಂಟಿನ ಜಾತಿಯದೇ ಸೊಪ್ಪು. ಒಗ್ಗರಣೆ ಒಂದು ಬಾಕಿ. ಸಲಾಡಿನಲ್ಲಿ ಗ್ಲಿಸ್ತ್ರಿದಾ ಎಂಬ ದಪ್ಪ ಎಲೆಯ ಸೊಪ್ಪು ಕಂಡರೆ ಅದೂ ಪರಿಚಯದ್ದೇ, ನಮ್ಮಲ್ಲಿ ಗೋಣಿ ಸೊಪ್ಪು ಅನ್ನುತ್ತೇವಲ್ಲ, ಅದು. ಅಲ್ಲಿ ಅದನ್ನು ಹಸಿಯಾಗಿಯೇ ಟೊಮೆಟೊ ಜೊತೆ ಬೆರೆಸುತ್ತಾರೆ.

ಫಾವಾ ಮರೆಯಬೇಡಿ. ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಅರೆದು, ಮೇಲೆ ಈರುಳ್ಳಿ, ಕೇಪರ್ ಮೊಗ್ಗು, ಎಣ್ಣೆ. ಒಗ್ಗರಣೆಯಿಲ್ಲದ ಗಟ್ಟಿ ತೊವ್ವೆ ಅಂದುಕೊಳ್ಳಿ. ಇದರಲ್ಲಿ ಹೆಸರುವಾಸಿ ಪಕ್ಕದ ಸ್ಯಾಂಟೊರಿನಿಯದು, ಯುರೋಪಿಯನ್ ಒಕ್ಕೂಟದ ಮೂಲಸ್ಥಳ ರಕ್ಷಣೆಯ ಮುದ್ರೆ ಅದಕ್ಕಿದೆ. ಕೆಲವು ಕಡೆ ಫಾವಾದ ಮೇಲೆ ಆಕ್ಟೋಪಸ್ ತುಂಡನ್ನೋ ಉಪ್ಪು ಹಾಕಿದ ಸಣ್ಣ ಮೀನನ್ನೋ ಇಟ್ಟು ತರುತ್ತಾರೆ. ಬರೀ ಈರುಳ್ಳಿ ಸಾಕು ಎಂದು ಮೊದಲೇ ಹೇಳಿ. ಕಡಲೆಕಾಳಿನ ರೆವಿಥಾದಾ ಸಿಕ್ಕರೆ ಬಿಡಬೇಡಿ. ಅದು ಮೂಲತಃ ಸಿಫ್ನೊಸ್ ದ್ವೀಪದ ಭಾನುವಾರದ ಅಡುಗೆ. ಶನಿವಾರ ರಾತ್ರಿ ಮಣ್ಣಿನ ಗಡಿಗೆಯಲ್ಲಿ ಕಡಲೆ, ಈರುಳ್ಳಿ, ಎಣ್ಣೆ ತುಂಬಿ ಸೌದೆ ಒಲೆಯೊಳಗಿಟ್ಟರೆ ಬೆಳಗ್ಗೆ ಚರ್ಚ್ ಮುಗಿಯುವ ಹೊತ್ತಿಗೆ ಬೆಂದಿರುತ್ತದೆ. ಈಗ ಸುತ್ತಲಿನ ದ್ವೀಪಗಳಲ್ಲೂ ಅಲ್ಲಲ್ಲಿ ಮಾಡುತ್ತಾರೆ.

ಇನ್ನು ನಾಕ್ಸೊಸ್‌ನ ಆಲೂಗಡ್ಡೆ. ಸುತ್ತಲಿನ ಸಿಕ್ಲಾಡಿಸ್ ದ್ವೀಪಗಳು ಒಣ ಬಂಡೆಗಳು. ನಾಕ್ಸೊಸ್ ದೊಡ್ಡದು, ಬೆಟ್ಟವಿದೆ, ಕಣಿವೆಗಳಲ್ಲಿ ಬೇಸಾಯವಿದೆ, ಹಸು ಸಾಕಣೆಯಿದೆ. ಸಿಕ್ಲಾಡಿಸ್‌ನಲ್ಲಿ ಸಸ್ಯಾಹಾರಿಗಳಿಗೆ ಒಂದು ದ್ವೀಪ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತಿದ್ದೆ. ಇಲ್ಲಿನ ಆಲೂಗಡ್ಡೆ ಇಡೀ ಗ್ರೀಸ್‌ನಲ್ಲಿ ಹೆಸರು ಮಾಡಿದೆ. ಒಳ್ಳೆಯ ಟಾವೆರ್ನಾದಲ್ಲಿ ಫ್ರೆಂಚ್ ಫ್ರೈಸ್ ಎಂದರೆ ಪ್ಯಾಕೆಟ್ಟಿನದಲ್ಲ, ಆಗಷ್ಟೇ ಹೆಚ್ಚಿ ಕರಿದಿದ್ದು. ಆದರೆ ಒಂದು ಎಚ್ಚರ: ಚಿಕ್ಕ ಅಡುಗೆಮನೆಗಳಲ್ಲಿ ಅದೇ ಎಣ್ಣೆಯಲ್ಲಿ ಸ್ಕ್ವಿಡ್ ಕೂಡ ಕರಿಯುತ್ತಾರೆ. ಅಮ್ಮನಿಗೆ ಅದು ಒಗ್ಗದು ಎಂದಾದರೆ ಕರಿದದ್ದು ಬಿಟ್ಟು ಒಲೆಯಲ್ಲಿ ಬೆಂದದ್ದನ್ನೇ ಹೇಳಿ. ಕೆಂಡದ ಮೇಲೆ ಸುಟ್ಟ ತರಕಾರಿಗೂ ಇದೇ ತೊಂದರೆ, ಜಾಲರಿ ಒಂದೇ.

ಎಡವುವ ಜಾಗಗಳು ಇನ್ನೂ ಕೆಲವಿವೆ. ‘ಉಪವಾಸದ ಅಡುಗೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ತಕ್ಷಣ ನಂಬಬೇಡಿ. ಅವರ ಉಪವಾಸದಲ್ಲಿ ಮೀನು ನಿಷಿದ್ಧ, ಆದರೆ ಸ್ಕ್ವಿಡ್, ಆಕ್ಟೋಪಸ್, ಸಿಗಡಿ, ಚಿಪ್ಪಿಮೀನು ನಡೆಯುತ್ತದೆ. ಟೊಮೆಟೊ, ದೊಣ್ಣೆಮೆಣಸಿಗೆ ಅನ್ನ ತುಂಬಿದ ಯೆಮಿಸ್ತಾದಲ್ಲಿ ಕೆಲವರು ಕೈಮಾ ಸೇರಿಸುತ್ತಾರೆ, ಕೆಲವರು ಇಲ್ಲ. ದ್ರಾಕ್ಷಿ ಎಲೆಯ ದೊಲ್ಮಾದೆಸ್ ಕಥೆಯೂ ಅದೇ. ಗುಲಾಬಿ ಬಣ್ಣದ ತರಮೊಸಲಾತಾ ನೋಡಲು ಚಟ್ನಿಯಂತಿದ್ದರೂ ಮೀನಿನ ಮೊಟ್ಟೆಯದು. ಅದರ ಬದಲು ಸುಟ್ಟ ಬದನೆಯ ಮೆಲಿತ್ಸಾನೊಸಲಾತಾ ಅಥವಾ ಮೊಸರು, ಸೌತೆಕಾಯಿಯ ತ್ಸಾತ್ಸಿಕಿ ಹೇಳಿ. ಬದನೆಯನ್ನು ಪದರಪದರವಾಗಿ ಜೋಡಿಸಿ ಬೇಯಿಸುವ ಮುಸಾಕಾದ ಮೇಲಿನ ಬಿಳಿ ಪದರದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಒಳಗೆ ಮಾಂಸ ಇರದಿದ್ದರೂ. ಝುಕಿನಿಯ ಬೋಂಡಾಗಳಿಗೂ ಮೊಟ್ಟೆ ಬೀಳುತ್ತದೆ. ಟೊಮೆಟೊದ ಬೋಂಡಾ ಹೆಚ್ಚಾಗಿ ಬರೀ ಹಿಟ್ಟಿನದು, ಆದರೂ ಕೇಳಿ.

ಚೀಸ್ ಬಗ್ಗೆ ನೀವು ಕೇಳಿಲ್ಲ. ಹೇಳದೆ ಇದ್ದರೆ ತಪ್ಪಾಗುತ್ತದೆ. ಫೆಟಾ ಕುರಿಹಾಲಿನದು, 30 ಶೇಕಡಾದವರೆಗೆ ಮೇಕೆಹಾಲು ಸೇರಿಸಬಹುದು. ನಾಕ್ಸೊಸ್‌ನ ಗ್ರಾವಿಯೆರಾ ಹೆಚ್ಚಾಗಿ ಹಸುವಿನ ಹಾಲಿನದು. ಎರಡನ್ನೂ ಸಾಂಪ್ರದಾಯಿಕವಾಗಿ ಹೆಪ್ಪು ಹಾಕುವುದು ಕರು, ಕುರಿಮರಿ, ಮೇಕೆಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಸಲಾಡನ್ನು ಚೀಸ್ ಇಲ್ಲದೆ ಹೇಳಬೇಕಾಗುತ್ತದೆ. ಅದು ಅವರಿಗೆ ಬಿಟ್ಟದ್ದು.

ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ: ‘ಹೋರಿಸ್ ಕ್ರೆಯಾಸ್’ ಮಾಂಸ ಬೇಡ, ‘ಹೋರಿಸ್ ಪ್ಸಾರಿ’ ಮೀನು ಬೇಡ, ‘ಹೋರಿಸ್ ಅವ್ಗೊ’ ಮೊಟ್ಟೆ ಬೇಡ. ನಾಕ್ಸೊಸ್‌ನಲ್ಲಿ ಇಂಗ್ಲಿಷ್ ಸಾಕಷ್ಟು ನಡೆಯುತ್ತದೆ. ಆದರೆ ‘ವೆಜಿಟೇರಿಯನ್’ ಅಂದರೆ ಮೀನು ಓಕೆ ಎಂದುಕೊಳ್ಳುವ ಮಾಣಿಗಳು ಅಲ್ಲೂ ಇದ್ದಾರೆ.

ಈಗ ಕುಂದಾಪುರದವರ ಸರದಿ.

ಅವರಿಗೆ ಮೊದಲೇ ಹೇಳಿಟ್ಟುಬಿಡಿ, ಮಸಾಲೆ ಇರುವುದಿಲ್ಲ. ಇಡೀ ಮೀನನ್ನು ಕೆಂಡದ ಮೇಲೆ ಸುಟ್ಟು, ಆಲಿವ್ ಎಣ್ಣೆ, ನಿಂಬೆರಸ ಕಲಸಿದ ಲಾದೊಲೆಮೊನೊ ಸುರಿದು ಕೊಡುತ್ತಾರೆ. ಉಪ್ಪು, ಒರಿಗಾನೊ, ಮುಗಿಯಿತು. ಮೀನು ತಾಜಾ ಇದ್ದರೆ ಇದಕ್ಕಿಂತ ಬೇರೆ ಬೇಡ ಎಂಬುದು ಅವರ ವಾದ. ಮೊದಲ ತುತ್ತಿಗೆ ಸಪ್ಪೆ ಅನಿಸಬಹುದು. ಮೀನಿನ ನಿಜವಾದ ರುಚಿ ಗೊತ್ತಿರುವ ಕರಾವಳಿಯವರು ಬೇಗ ಒಗ್ಗಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಘಟ್ಟದ ಮೇಲಿನವರೇ ಖಾರದ ಪುಡಿ ಹುಡುಕುವುದು.

ಬೆಲೆಯ ಗೊಂದಲಕ್ಕೆ ಬರೋಣ. ಮೆನುವಿನಲ್ಲಿ ಮೀನು ಎರಡು ರೀತಿಯಲ್ಲಿ ಇರುತ್ತದೆ. ಸಣ್ಣ ಮೀನು, ಸ್ಕ್ವಿಡ್, ಆಕ್ಟೋಪಸ್ ತಟ್ಟೆ ಲೆಕ್ಕ. ದೊಡ್ಡ ಮೀನು ಕಿಲೋ ಲೆಕ್ಕ. ಸಿನಾಗ್ರಿದಾ, ಫಾಗ್ರಿ, ಕೆಂಪು ಬರ್ಬೂನಿ ಮುಂತಾದ ಒಳ್ಳೆಯ ಜಾತಿಯ ಮೀನುಗಳು ಕಿಲೋಗೆ 60 ಯೂರೋ ದಾಟುವುದು ಸಾಮಾನ್ಯ. ನಳ್ಳಿ ಜಾತಿಯ ಲಾಬ್‌ಸ್ಟರ್ ಅದಕ್ಕಿಂತಲೂ ದುಬಾರಿ. ಈ ತೂಕ ಹಸಿ ಮೀನಿನದು, ತಲೆ, ಮುಳ್ಳು ಎಲ್ಲ ಸೇರಿ. ‘ಒಂದು ಮೀನು ಇಬ್ಬರಿಗೆ ಸಾಕು’ ಎಂದು ಮಾಣಿ ಹೇಳಿ, ನೀವು ತಲೆಯಾಡಿಸಿ, ಅದು 1,400 ಗ್ರಾಂ ಬಂದರೆ? 60ರ ಲೆಕ್ಕದಲ್ಲೇ 84 ಯೂರೋ ಆಯಿತು. ಮೋಸ ಇರಲೇಬೇಕೆಂದಿಲ್ಲ. ಮೆನುವಿನಲ್ಲಿ ಬರೆದ ದರವನ್ನೇ ಹಾಕಿರುತ್ತಾರೆ. ಗಾಬರಿಯ ಬಿಲ್‌ಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಂದ.

ಪರಿಹಾರ ಸುಲಭ. ಗಂಡ ಎದ್ದು ಹೋಗಿ ಐಸ್ ಮೇಲಿಟ್ಟ ಮೀನನ್ನು ನೋಡಲಿ. ಕಣ್ಣು, ಕಿವಿರು ನೋಡುವುದನ್ನು ಅವರಿಗೆ ನಾನು ಹೇಳಿಕೊಡಬೇಕಿಲ್ಲ. ತಮಗೆ ಬೇಕಾದ್ದನ್ನು ತೋರಿಸಿ, ತಮ್ಮೆದುರೇ ತೂಗಿಸಲಿ. ‘ಪೋಸೊ ಕಾನಿ?’ ಅಂದರೆ ಎಷ್ಟಾಗುತ್ತದೆ ಎಂದು. ಉತ್ತರ ಒಪ್ಪಿಗೆಯಾದ ಮೇಲೆ ಮೀನು ಕೆಂಡಕ್ಕೆ ಹೋಗಲಿ. ಒಬ್ಬರಿಗೆ 400 ಗ್ರಾಂ ಹಿಡಿದರೆ ಬೇಕಾದಷ್ಟು. ತೂಗುವುದಕ್ಕೆ ಹಿಂದೆಮುಂದೆ ನೋಡುವ, ‘ನಂಬಿ, ಚೆನ್ನಾಗಿ ನೋಡಿಕೊಳ್ಳುತ್ತೇನೆ’ ಎನ್ನುವ ಜಾಗವಾದರೆ ಅಲ್ಲಿ ದೊಡ್ಡ ಮೀನು ಬೇಡ.

ಇನ್ನೊಂದು ಪರೀಕ್ಷೆ. ಐಸ್ ಮೇಲಿನ ತ್ಸಿಪೂರಾ ಮತ್ತು ಲವ್ರಾಕಿ ಮೀನುಗಳೆಲ್ಲ ಅಚ್ಚು ಹಾಕಿದಂತೆ ಒಂದೇ ಅಳತೆ, ತಟ್ಟೆಗೆ ಸರಿಯಾಗಿ ಕೂರುವಷ್ಟಿದ್ದರೆ, ಅವು ಸಾಕಿದ ಮೀನುಗಳು. ಗ್ರೀಸ್ ಈ ಎರಡನ್ನೂ ಸಮುದ್ರದ ಬಲೆಪಂಜರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಕಿ ಹೊರದೇಶಕ್ಕೆ ಕಳಿಸುತ್ತದೆ. ತಿನ್ನಲು ಏನೂ ಕೆಟ್ಟದ್ದಲ್ಲ. ಬಲೆ ಬೀಸಿ ಹಿಡಿದ ಮೀನಿನ ಬೆಲೆ ಕೊಡಬೇಡಿ ಅಷ್ಟೇ.

ನನ್ನನ್ನು ಕೇಳಿದರೆ ದೊಡ್ಡ ಮೀನಿನ ಗೋಜಿಗೇ ಹೋಗಬೇಕಿಲ್ಲ. ಅಲ್ಲಿನ ಏಜಿಯನ್ ಸಮುದ್ರದ ನಿಜವಾದ ಸುಖ ಸಣ್ಣ ಮೀನಿನಲ್ಲಿದೆ. ಗಾವ್ರೊಸ್ ಎಂದರೆ ಆಂಚೊವಿ, ನಿಮ್ಮವರ ಬಾಯಲ್ಲಿ ಬೊಳಂಜೀರ್‌ಗೆ ಹತ್ತಿರದ ಬಳಗ. ಹಿಟ್ಟು ಸವರಿ ಗರಿಗರಿ ಕರಿದು ತರುತ್ತಾರೆ, ಮುಳ್ಳು ಸಮೇತ ತಿನ್ನುವುದು. ಸರ್ದೆಲೆಸ್ ಎಂದರೆ ನಮ್ಮ ಬೂತಾಯಿಯ ದೂರದ ನೆಂಟ, ಕೆಂಡದಲ್ಲಿ ಸುಟ್ಟರೆ ಅದರ ಕೊಬ್ಬೇ ಮಸಾಲೆ. ಕಡ್ಡಿಯಂಥ ಮರಿದೆಸ್ ಮಗನಿಗೆ ಚಿಪ್ಸ್ ಇದ್ದಹಾಗೆ ಖಾಲಿಯಾಗುತ್ತದೆ. ಒಂದು ತಟ್ಟೆಗೆ ಸುಮಾರು 9ರಿಂದ 13 ಯೂರೋ. ಅಗ್ಗ ಎಂಬ ಕಾರಣಕ್ಕೆ ಇವನ್ನು ಹೇಳುತ್ತಿಲ್ಲ. ಬೇಗ ಕೆಡುವ ಮೀನುಗಳಾದ್ದರಿಂದ ತಾಜಾ ಇರುವ ಸಾಧ್ಯತೆ ಹೆಚ್ಚು. ಹಳಸಿದ್ದನ್ನು ಮುಚ್ಚಿಡುವುದೂ ಕಷ್ಟ.

ಸ್ಕ್ವಿಡ್, ಅಂದರೆ ನಿಮ್ಮವರ ಬೊಂಡಾಸ್, ಬಹುತೇಕ ಕಡೆ ಫ್ರೋಜನ್. ಅದನ್ನು ಮೆನುವಿನಲ್ಲಿ ತಿಳಿಸಲೇಬೇಕು ಎಂದು ಕಾನೂನಿದೆ. ಹೆಸರಿನ ಪಕ್ಕ ನಕ್ಷತ್ರದ ಗುರುತು ಇರುತ್ತದೆ, ಇಲ್ಲವೇ ಗ್ರೀಕ್‌ನಲ್ಲಿ ಫ್ರೋಜನ್ ಎಂಬುದರ ಮೂರಕ್ಷರದ ಸಂಕ್ಷೇಪ ಇರುತ್ತದೆ. ಸಿಗಡಿಗೂ ಹಾಗೆಯೇ. ಆಕ್ಟೋಪಸ್ ಮಾತ್ರ ವಿಚಿತ್ರ ಪ್ರಾಣಿ. ಫ್ರೀಜ್ ಮಾಡಿದರೆ ಅದರ ಗಟ್ಟಿ ಸ್ನಾಯು ಮೆತ್ತಗಾಗುತ್ತದೆ, ಹಾಗಾಗಿ ಫ್ರೋಜನ್ ಅಂದ ಮಾತ್ರಕ್ಕೆ ರುಚಿ ಕಡಿಮೆ ಅಂತಲ್ಲ. ಹಿಂದೆ ಅದನ್ನು ಮೆತ್ತಗೆ ಮಾಡಲು ಬಂಡೆಗೆ ಬಡಿಯುತ್ತಿದ್ದರು, ಈಗಲೂ ಕೆಲವು ಬೆಸ್ತರು ಬಡಿಯುತ್ತಾರೆ. ಬಿಸಿಲಿಗೆ ನೇತುಹಾಕುವುದು ನೀರಿನಂಶ ಆರಲಿ, ಕೆಂಡದಲ್ಲಿ ಚೆನ್ನಾಗಿ ಸುಡಲಿ ಎಂದು. ಫೋಟೋಗೆ ಚೆನ್ನಾಗಿ ಕಾಣುತ್ತದೆ ಎಂದು ನೇತುಹಾಕುವವರೂ ಇದ್ದಾರೆ ಅನ್ನಿ.

ಮೀನು ಇಷ್ಟು ದುಬಾರಿ ಯಾಕೆ ಎಂದು ನಿಮ್ಮವರು ಕೇಳಿಯೇ ಕೇಳುತ್ತಾರೆ. ಏಜಿಯನ್ ಸಮುದ್ರ ನೋಡಲು ಗಾಜಿನಂತೆ ತಿಳಿ. ಆ ತಿಳಿಗೆ ಕಾರಣ ಅದರಲ್ಲಿ ಪೋಷಕಾಂಶ, ಸೂಕ್ಷ್ಮ ಸಸ್ಯಗಳು ಕಡಿಮೆ ಇರುವುದು. ಆಹಾರ ಕಡಿಮೆ ಇದ್ದಲ್ಲಿ ಮೀನೂ ಕಡಿಮೆ. ಅರಬ್ಬಿ ಸಮುದ್ರದಲ್ಲಿ ಮಳೆಗಾಲದಲ್ಲಿ ತಳದ ನೀರು ಮೇಲೆದ್ದು ಬಂದು ಬೂತಾಯಿ, ಬಂಗುಡೆ ರಾಶಿ ಬೀಳುವಂಥ ಸಂಭ್ರಮ ಅಲ್ಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ ರಜೆ ಇದ್ದಂತೆ ಅಲ್ಲೂ ಬೇಸಿಗೆಯಲ್ಲಿ ಟ್ರಾಲ್ ಬೋಟುಗಳು ಸುಮ್ಮನಿರುತ್ತವೆ. ಪ್ರವಾಸಿಗರು ಮುಗಿಬೀಳುವ ತಿಂಗಳುಗಳೂ ಅವೇ. ಆಗ ತಾಜಾ ಮೀನು ತರುವುದು ಸಣ್ಣ ದೋಣಿಗಳವರು, ಬಲೆ, ಗಾಳ ಹಾಕಿ. ಅದಕ್ಕೇ ಬೆಲೆ. ಇತ್ತೀಚೆಗೆ ಕೆಲವು ಮೆನುಗಳಲ್ಲಿ ಲಯನ್‌ಫಿಶ್ ಕಾಣಿಸುತ್ತದೆ. ಅದು ಸೂಯೆಜ್ ಕಾಲುವೆ ಹಾದು ನಮ್ಮ ಕಡೆಯ ಬೆಚ್ಚನೆಯ ಸಮುದ್ರದಿಂದ ಹೋಗಿ ಅಲ್ಲಿನ ಮೀನುಮರಿಗಳನ್ನು ನುಂಗುತ್ತಿರುವ ಅತಿಥಿ. ಮುಳ್ಳಿನಲ್ಲಿ ವಿಷ, ಮಾಂಸ ರುಚಿ. ಸಿಕ್ಕರೆ ತಿಂದು ಉಪಕಾರ ಮಾಡಲಿ.

ಜಾಗದ ಮಾತು. ನಾಕ್ಸೊಸ್‌ನ ಹೆಸರಾದ ಮರಳುತೀರಗಳು ಮುಖ್ಯ ಪಟ್ಟಣದಿಂದ ದಕ್ಷಿಣಕ್ಕೆ, ಪಶ್ಚಿಮ ದಡದಲ್ಲಿ ಒಂದಕ್ಕೊಂದು ಅಂಟಿಕೊಂಡಂತಿವೆ: ಆಯಿಯೊಸ್ ಪ್ರೊಕೋಪಿಯೊಸ್, ಆಯಿಯಾ ಆನ್ನಾ, ಪ್ಲಾಕಾ, ಮಿಕ್ರಿ ವಿಗ್ಲಾ. ಪಟ್ಟಣದಿಂದ ಬಸ್ ಇದೆ. ಆಯಿಯಾ ಆನ್ನಾದಲ್ಲಿ ದೋಣಿಗಳು ನಿಲ್ಲುವ ಪುಟ್ಟ ಕಟ್ಟೆ, ಅದರ ಸುತ್ತ ಟಾವೆರ್ನಾಗಳು, ಮರಳಿನ ಮೇಲೇ ಮೇಜು. ನಿಮಗೆ ಮೊದಲ ಆಯ್ಕೆ ಅದು. ಮಿಕ್ರಿ ವಿಗ್ಲಾ ಗಾಳಿಪಟ ಕಟ್ಟಿಕೊಂಡು ನೀರಿನ ಮೇಲೆ ಜಾರುವವರ ಸ್ವರ್ಗ. ಅಂದರೆ ಅಲ್ಲಿ ಗಾಳಿ ಜಾಸ್ತಿ. ಅಂಥ ಕಡೆ ಊಟಕ್ಕೆ ಕೂತರೆ ತಟ್ಟೆಗೆ ಮರಳಿನ ಒಗ್ಗರಣೆ.

ಈ ಗಾಳಿಯ ಹೆಸರು ಮೆಲ್ಟೆಮಿ. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುತ್ತದೆ, ಮಧ್ಯಾಹ್ನ ಜೋರು, ಸಂಜೆಗೆ ತಗ್ಗುವುದೇ ಹೆಚ್ಚು. ಟಾವೆರ್ನಾಗಳಲ್ಲಿ ಮೇಜಿನ ಮೇಲೆ ಹಾಸಿದ ಕಾಗದಕ್ಕೆ ಕ್ಲಿಪ್ ಹಾಕಿರುವುದು ಇದಕ್ಕೇ. ಮಧ್ಯಾಹ್ನದ ಊಟದ ವಿರುದ್ಧ ಇರುವ ಒಂದೇ ಗಟ್ಟಿ ವಾದ ಇದು. ಸೆಪ್ಟೆಂಬರ್ ಮೂರನೇ ವಾರಕ್ಕೆ ಅದರ ಆರ್ಭಟ ಕಡಿಮೆಯಾಗಿರುತ್ತದೆ, ಆದರೂ ಒಂದೆರಡು ದಿನ ಎದ್ದರೂ ಎದ್ದಿತು. ಜೋರು ಗಾಳಿಯ ದಿನ ಬೀಚ್ ಬಿಟ್ಟು ಬೆಟ್ಟದ ಹಳ್ಳಿಗಳಿಗೆ ಹೋಗಿ. ದೊಡ್ಡ ಗಾಳಿಯ ಮರುದಿನ ‘ಇವತ್ತಿನ ತಾಜಾ ಮೀನು’ ಎಂದರೆ ಹುಬ್ಬೇರಿಸಿ. ಸಣ್ಣ ದೋಣಿಗಳು ಹೊರಟೇ ಇರುವುದಿಲ್ಲ.

ಕಾರು ಬಾಡಿಗೆಗೆ ತೆಗೆದುಕೊಂಡರೆ ಒಂದು ದಿನ ಪೂರ್ವ ದಡದ ಮುತ್ಸೂನಾಕ್ಕೆ ಹೋಗಿಬನ್ನಿ. ಬೆಟ್ಟ ಹತ್ತಿ ಇಳಿಯಲು ಒಂದು ಗಂಟೆ ಹಿಡಿಯುತ್ತದೆ. ಸಾಣೆ ಹಿಡಿಯಲು ಬಳಸುವ ಎಮರಿ ಕಲ್ಲನ್ನು ಬೆಟ್ಟದ ಗಣಿಗಳಿಂದ ತೊಟ್ಟಿಲುಗಳಲ್ಲಿ, ತಂತಿಯ ಮೇಲೆ ಇಳಿಸಿ ಹಡಗಿಗೆ ತುಂಬುತ್ತಿದ್ದ ಬಂದರು ಅದು. ತಂತಿಯ ಕಂಬಗಳು ಈಗಲೂ ನಿಂತಿವೆ. ನೀರಿನ ಬದಿಯಲ್ಲಿ ಕೆಲವೇ ಮೀನಿನ ಟಾವೆರ್ನಾಗಳಿವೆ. ಸೂರ್ಯಾಸ್ತ ಕಾಣುವುದಿಲ್ಲ, ಜನಸಂದಣಿಯೂ ಇಲ್ಲ.

ಹೋಟೆಲ್ ಆರಿಸಲು ನನ್ನದು ಒಂದೇ ಗುರುತು. ಮಧ್ಯಾಹ್ನ ಎರಡೂವರೆಗೆ ಅಲ್ಲಿ ಗ್ರೀಕ್ ಕುಟುಂಬಗಳು, ಅಜ್ಜಿ ಮೊಮ್ಮಕ್ಕಳ ಸಮೇತ ಕೂತಿದ್ದರೆ ಒಳಗೆ ಹೋಗಿ. ರಸ್ತೆಗೆ ಬಂದು ಕೈಹಿಡಿದು ಕರೆಯುವವರು, ಫೋಟೋ ಮೆನು, ಒಂದೇ ಕಡೆ ಪಿಜ್ಜಾ, ಸುಶಿ, ಮುಸಾಕಾ ಎಲ್ಲ ಇದ್ದರೆ ಮುಂದಕ್ಕೆ ನಡೆಯಿರಿ. ಬೆಲೆಪಟ್ಟಿಯನ್ನು ಹೊರಗೆ ಕಾಣುವಂತೆ ಇಡಬೇಕು ಎಂಬ ನಿಯಮವಿದೆ. ಅದು ಕಾಣದಿದ್ದರೆ ಕೂರಬೇಡಿ. ಮಿಕೊನೋಸ್ ದ್ವೀಪದಲ್ಲಿ ನೂರಾರು ಯೂರೋ ಬಿಲ್ ಕೊಟ್ಟು ಸುದ್ದಿಯಾದ ಪ್ರಕರಣಗಳಲ್ಲಿ ಬೆಲೆ ಕೇಳದೆ ಆರ್ಡರ್ ಮಾಡಿದ್ದು ಮತ್ತೆ ಮತ್ತೆ ಕಾಣುತ್ತದೆ. ನಾಕ್ಸೊಸ್ ಆ ಮಟ್ಟಿಗೆ ಸಾಧು ದ್ವೀಪ.

ಬೀಚಿನ ಛತ್ರಿ, ಮಲಗುವ ಕುರ್ಚಿಗಳ ಬಗ್ಗೆ ಸಂಕ್ಷೇಪವಾಗಿ: ಅದರ ಬಾಡಿಗೆ ಬೇರೆ, ಊಟದ ಬಿಲ್ ಬೇರೆ. ಕೆಲವು ಕಡೆ ಊಟ ಮಾಡಿದರೆ ಕುರ್ಚಿ ಉಚಿತ, ಕೂರುವ ಮೊದಲು ಕೇಳಿ. 2023ರ ಬೇಸಿಗೆಯಲ್ಲಿ ಪಕ್ಕದ ಪಾರೊಸ್ ದ್ವೀಪದ ಜನ, ಕುರ್ಚಿಗಳವರು ಬೀಚನ್ನೇ ನುಂಗುತ್ತಿದ್ದಾರೆ ಎಂದು ಟವೆಲ್ ಹಿಡಿದು ಪ್ರತಿಭಟಿಸಿದರು. ಅದು ಬೇರೆ ದ್ವೀಪಗಳಿಗೂ ಹಬ್ಬಿತು. 2024ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ನೀರಿನ ಅಂಚಿನಿಂದ 4 ಮೀಟರ್ ಒಳಗೆ ಕುರ್ಚಿ ಹಾಕುವಂತಿಲ್ಲ. ನಿಮ್ಮ ಸ್ವಂತ ಟವೆಲ್ ಹಾಸಿ ಕೂರಲು ಯಾರ ಅಪ್ಪಣೆಯೂ ಬೇಡ.

ಮೇಜಿನಲ್ಲಿ ಕೂತ ಮೇಲೆ ಬ್ರೆಡ್ ತಾನಾಗಿ ಬರುತ್ತದೆ. ಅದು ಉಚಿತ ಅಲ್ಲ, ತಲೆಗೆ ಒಂದು ಯೂರೋ ಆಚೀಚೆ ಬಿಲ್‌ಗೆ ಸೇರುತ್ತದೆ. ಬೇಡವಾದರೆ ಆಗಲೇ ವಾಪಸ್ ಕೊಡಬಹುದು, ಆದರೆ ಫಾವಾ, ತ್ಸಾತ್ಸಿಕಿಗೆ ಬ್ರೆಡ್ ಬೇಕೇ ಬೇಕಾಗುತ್ತದೆ. ನೀರು ಬಾಟಲಿಯದು. ತಟ್ಟೆಗಳು ಒಬ್ಬೊಬ್ಬರಿಗೆ ಒಂದೊಂದು ಎಂದಲ್ಲ, ಎಲ್ಲ ಮಧ್ಯದಲ್ಲಿಟ್ಟು ಹಂಚಿಕೊಳ್ಳುವುದು. ಇಲ್ಲಿ ನಿಮಗೊಂದು ಕಿವಿಮಾತು: ಮೇಜಿನ ಒಂದು ತುದಿ ನಿಮ್ಮಿಬ್ಬರದು, ಇನ್ನೊಂದು ತುದಿ ಅಪ್ಪ ಮಗನದು ಎಂದು ಮೊದಲೇ ಮಾಣಿಗೆ ತೋರಿಸಿ, ಹಂಚುವ ಚಮಚ ಬೇರೆ ಬೇರೆ ಕೇಳಿ. ಅಡುಗೆಯಾದಂತೆಲ್ಲ ತಟ್ಟೆ ಬರುತ್ತದೆ, ನಮ್ಮ ಕಡೆಯಂತೆ ಎಲ್ಲರಿಗೂ ಒಟ್ಟಿಗೆ ಬಡಿಸುವುದಿಲ್ಲ. ಮೊದಲ ಸುತ್ತಿಗೆ ಕಡಿಮೆ ಹೇಳಿ. ತಟ್ಟೆಗಳು ದೊಡ್ಡವು, ಆಮೇಲೆ ಇನ್ನೊಂದು ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಸಲಾಡ್ ಒಂದು, ಫಾವಾ, ಹೋರ್ತಾ, ಎರಡು ಲಾದೆರಾ, ಆಲೂಗಡ್ಡೆ, ಎರಡು ತಟ್ಟೆ ಸಣ್ಣ ಮೀನು, ಒಂದು ಆಕ್ಟೋಪಸ್, ನೀರು, ಬ್ರೆಡ್. ನಾಲ್ವರಿಗೆ ಹೊಟ್ಟೆ ಬಿರಿಯುವಷ್ಟು. ನಾಕ್ಸೊಸ್‌ನಲ್ಲಿ ಇದು ಸುಮಾರು 80ರಿಂದ 100 ಯೂರೋ ಆಗುತ್ತದೆ. ಯೂರೋಗೆ 100 ರೂಪಾಯಿ ಎಂದು ಹಿಡಿದರೆ ಮನಸ್ಸಿನಲ್ಲೇ ಲೆಕ್ಕ ಹಾಕಬಹುದು. ದೊಡ್ಡ ಮೀನು ಸೇರಿದರೆ ಅದರ ತೂಕದ ಹಣ ಬೇರೆ.

ಬಿಲ್ ತಾನಾಗಿ ಬರುವುದಿಲ್ಲ. ಕೇಳದೆ ಬಿಲ್ ತಂದಿಟ್ಟರೆ ಗಿರಾಕಿಯನ್ನು ಎಬ್ಬಿಸಿದಂತೆ ಎಂದು ಅವರ ಭಾವನೆ. ಎರಡು ಗಂಟೆ ಕೂತರೂ ಯಾರೂ ಕೇಳುವುದಿಲ್ಲ. ಬೇಕಾದಾಗ ‘ತೊ ಲೊಗರಿಯಾಸ್ಮೊ ಪರಕಲೊ’ ಅನ್ನಿ. ಬಿಲ್ ಜೊತೆಗೆ ಕಲ್ಲಂಗಡಿಯೋ ದ್ರಾಕ್ಷಿಯೋ, ಚಿಕ್ಕ ಸಿಹಿಯೋ ಬಂದರೆ ಅದು ಟಾವೆರ್ನಾದವರ ಕಡೆಯಿಂದ, ದುಡ್ಡಿಲ್ಲ. ದೊಡ್ಡವರಿಗೆ ಸಣ್ಣ ಗ್ಲಾಸಿನಲ್ಲಿ ಮದ್ಯ ಬರಬಹುದು. ನಾಕ್ಸೊಸ್‌ನಲ್ಲಾದರೆ ಮಾದಳದ ಎಲೆಯಿಂದ ಇಳಿಸಿದ ಕಿತ್ರೊ ಇರಬಹುದು. ಬೇಡ ಎಂದು ನಗುತ್ತಾ ಹೇಳಿದರೆ ಸಾಕು.

ತೆರಿಗೆ, ಸರ್ವಿಸ್ ಎಲ್ಲ ಮೆನು ಬೆಲೆಯಲ್ಲೇ ಸೇರಿದೆ. ಟಿಪ್ಸ್ ಕಡ್ಡಾಯ ಅಲ್ಲ. 87 ಆದರೆ 90 ಕೊಟ್ಟು ಬರುವುದು ಸಾಮಾನ್ಯ. ತುಂಬ ಇಷ್ಟವಾದರೆ 5ರಿಂದ 10 ಶೇಕಡಾ. ನಾಣ್ಯ, ನೋಟಾಗಿ ಮೇಜಿನ ಮೇಲಿಟ್ಟರೆ ಒಳ್ಳೆಯದು. ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ರಸೀದಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಾಗಿಲ್ಲ’ ಎಂದು ಬರೆದಿರುತ್ತದೆ. ಅದು ತಮಾಷೆಯಲ್ಲ, ಕಾನೂನು. ಚೀಟಿಯಲ್ಲಿ ಗೀಚಿದ ಮೊತ್ತ ತೋರಿಸಿದರೆ ಮುದ್ರಿತ ರಸೀದಿ ಕೇಳಿ, ಮೀನಿನ ತೂಕ ಸಾಲಿನಲ್ಲಿ ಸರಿಯಿದೆಯಾ ನೋಡಿ. ಜಗಳಕ್ಕೆ ಹೋದರೆ ಟೂರಿಸ್ಟ್ ಪೊಲೀಸರ ಸಂಖ್ಯೆ 1571. ಸಾಮಾನ್ಯವಾಗಿ ಆ ಸಂಖ್ಯೆಯ ಹೆಸರೆತ್ತಿದರೆ ಸಾಕಾಗುತ್ತದೆ.

ಇನ್ನು ಸೂರ್ಯಾಸ್ತ. ಆ ವಾರ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಏಳೂಕಾಲರ ಸುಮಾರಿಗೆ. ಎರಡು ಗಂಟೆಗೆ ಊಟಕ್ಕೆ ಕೂತು, ನಾಲ್ಕಕ್ಕೆ ಎದ್ದು, ಮಗ ಈಜಿ, ಅಮ್ಮ ನೆರಳಲ್ಲಿ ಒಂದು ಕಣ್ಣು ಮುಚ್ಚಿ ಎದ್ದರೆ ಸಮಯ ಸರಿಹೋಗುತ್ತದೆ. ಆರೂವರೆಗೆ ಪ್ಲಾಕಾ ಕಡೆಗೆ ನಡೆದು, ಯಾವುದಾದರೂ ಕೆಫೆಯ ಮುಂದಿನ ಸಾಲಿನಲ್ಲಿ ಬರೀ ಕಾಫಿ, ಜ್ಯೂಸ್ ಹೇಳಿ ಕೂರಿ. ಗ್ರೀಕ್ ಕಾಫಿಗೆ ಹಾಲು ಇಲ್ಲ, ಸಕ್ಕರೆಯನ್ನು ಮಾಡುವಾಗಲೇ ಹಾಕುತ್ತಾರೆ. ಮಧ್ಯಮ ಸಿಹಿಗೆ ‘ಮೆತ್ರಿಯೊ’ ಅನ್ನಿ, ತಳದ ಚರಟ ಕುಡಿಯಬೇಡಿ. ಸೂರ್ಯಾಸ್ತದ ಹೊತ್ತಿನ ಊಟದ ಮೇಜಿಗೆ ಜನ ಬುಕ್ ಮಾಡಿ ಕಾಯುತ್ತಿರುತ್ತಾರೆ. ನಿಮಗೆ ಅದೇ ಸೂರ್ಯ ಕಾಫಿ ಬೆಲೆಯಲ್ಲಿ ಸಿಗುತ್ತದೆ.

ಪ್ರವಾಸವನ್ನು ಮುಂದಕ್ಕೆ ಹಾಕುವ ಯೋಚನೆ ಬಂದರೆ ಒಂದು ಸಂಗತಿ ನೆನಪಿರಲಿ. ಅಕ್ಟೋಬರ್ ಮಧ್ಯದಿಂದ ಬೀಚಿನ ಟಾವೆರ್ನಾಗಳು ಒಂದೊಂದಾಗಿ ಮುಚ್ಚುತ್ತಾ ಹೋಗುತ್ತವೆ, ಮತ್ತೆ ತೆರೆಯುವುದು ಈಸ್ಟರ್ ಅಥವಾ ಮೇ ಹೊತ್ತಿಗೆ. ಅವು ಮುಚ್ಚಿರುವಾಗ ಹೋದರೆ ಪಟ್ಟಣದ ಬಂದರಿನ ಬದಿಯಲ್ಲಿ, ಸ್ಥಳೀಯರಿಗಾಗಿ ವರ್ಷಪೂರ್ತಿ ತೆರೆದಿರುವ ಕೆಲವೇ ಜಾಗಗಳಲ್ಲಿ ಊಟ.